ಹಿಲ್ಲಾ ಮಾತು ಕೇಳಿದ ದಿನ

...ಇಲ್ಲ ಇಲ್ಲ, ನೀವು ಏಳ್ಬೇಡಿ ಸಿರ್ಕಾ ಅವ್ರೇ, ಕಾಫಿ ನಾನೇ ಬಗ್ಗಿಸ್ತೀನಿ. ಸೊಂಟದ ಆಪರೇಷನ್ ಆಗಿ ಮೂರು ವಾರ ಆಸ್ಪತ್ರೇಲಿದ್ದು ಈಗ್ತಾನೆ ಮನೆಗೆ ಬಂದಿದ್ದೀರಿ. ಏಲಕ್ಕಿ ಬನ್ನು ತಂದಿದ್ದೀನಿ, ತಿನ್ನಿ... ಹಿಲ್ಲಾನಾ? ನಮ್ಮನೇಲಿದಾಳೆ. ಮಲಗಿದ್ಲು, ಯಾಕೆ ಎಬ್ಬಿಸೋದು ಅಂತ ಬಿಟ್ಟು ಬಂದೆ.

ಯಾಕೆ ನಗ್ತೀರಿ? ನನ್ನ ಅವಸ್ಥೆ ನೆನೆಸ್ಕೊಂಡಾ? ನಗಿ, ನಗಿ. ಮೂವತ್ತು ವರ್ಷ ಅಂಚೆ ಕಚೇರೀಲಿ ಕಾಗದ ವಿಂಗಡಿಸಿದ ರೈಯಾ, ಕೆಲಸ ಹೋದ್ಮೇಲೆ ಊರೋರ ನಾಯಿ ಅಡ್ಡಾಡ್ಸೋಕೆ ಹೊರಟ್ಲಲ್ಲ. ಅಂಗಡಿ ಬಾಗಿಲಿಗೆ ಚೀಟಿ ಅಂಟಿಸ್ದೆ, ನಂಬಿ ಕರೆದೋರು ನೀವೊಬ್ರೇ. ಮೊದಲ್ನೇ ದಿನ ನಿಮ್ಮ ನಾಯಿ ಬೆಲ್ಟನ್ನ ಕೈಗೆ ಮೂರು ಸುತ್ತು ಸುತ್ಕೊಂಡಿದ್ದೆ. ಹಿಲ್ಲಾ ಅಳಿಲು ನೋಡಿದ್ಲು, ನಾನು ಹಿಮದ ರಾಶೀಲಿ ಬೋರಲು ಬಿದ್ದೆ. "ಬಾ ಹಿಲ್ಲಾ" ಅಂದ್ರೆ, ಇವಳ್ಯಾವ ಸೀಮೆಯೋಳು ಅನ್ನೋ ಹಾಗೆ ನೋಡಿ ಆ ಕಡೆ ಹೋಗೋಳು.

ಲಿವರ್ ಸಾಸೇಜ್ ಚೂರು ಜೇಬಲ್ಲಿಟ್ಕೋ, ಒಂದಿನ ಮಾತು ಕೇಳ್ತಾಳೆ ಅಂದ್ರಿ ನೀವು. ಇಟ್ಕೊಂಡೆ. ಕೋಟೆಲ್ಲಾ ನಾತ. ಬಸ್ಸಲ್ಲಿ ಪಕ್ಕದ ಸೀಟಲ್ಲಿ ಯಾರೂ ಕೂರಲ್ಲ...

ಯಾಕೆ ಆ ಮೂಲೆ ನೋಡ್ತೀರಿ? ಓ, ಅವಳ ಬಟ್ಟಲು. ತೊಳೆದು ಕವುಚಿ ಇಟ್ಟಿದ್ದೀನಿ, ಅಷ್ಟೇ. ಹಾಸಿಗೆ... ಹಾಸಿಗೇನೂ ಒಗೆದಿಟ್ಟೆ.

ಹಾಗೆ ನೋಡ್ಬೇಡಿ.

ಸರಿ, ಹೇಳ್ತೀನಿ. ಹಿಲ್ಲಾ ಇಲ್ಲ ಸಿರ್ಕಾ ಅವ್ರೇ. ಹೋದ ಮಂಗಳವಾರಾನೇ... ದಿನಾ ಮೆಸೇಜ್ ಕಳಿಸ್ತಿದ್ನಲ್ಲ, ಚೆನ್ನಾಗಿದಾಳೆ, ತಿಂದ್ಲು, ಮಲಗಿದ್ಲು ಅಂತ, ಆಮೇಲಿಂದೆಲ್ಲ ಸುಳ್ಳು. ನೀವು ಮೊದಲು ಎದ್ದು ಓಡಾಡೋ ಹಾಗಾಗ್ಲಿ ಅಂತ... ಹೆಪ್ಪುಗಟ್ಟಿದ ಸೈಮಾ ಸರೋವರದ ಮೇಲೆ ನಡ್ಕೊಂಡು ಹೋಗ್ತಿದ್ವಿ. ಗಟ್ಟಿ ದಾರಿ ಗುರುತಿಗೆ ಮಂಜುಗಡ್ಡೇಲಿ ಕೊಂಬೆ ನೆಟ್ಟಿರ್ತಾರಲ್ಲ, ಅದರ ಪಕ್ಕದಲ್ಲೇ. ಯಾವ್ದೋ ಹಕ್ಕಿ ಹಾರ್ತು, ಹಿಂದೆ ಓಡಿದ್ಲು, ಸೇತುವೆ ಹತ್ರ ಮಂಜುಗಡ್ಡೆ ಒಡೀತು. ನಾನೇನು ಮಾಡ್ಲಿ? ನಾಯಿ ಬುದ್ಧಿ...

ಬೈಯಿರಿ ಬೇಕಾದ್ರೆ... ಯಾಕೆ ಇಲ್ಲ ಇಲ್ಲ ಅಂತ ತಲೆ ಆಡಿಸ್ತೀರಿ?

...ಹೌದು. ನೀವೇ ಕಲಿಸಿದ್ದು. ಮರಿಯಾಗಿದ್ದಾಗಿಂದ ಅವಳು ಕೊಂಬೆ ಸಾಲು ದಾಟಿದೋಳಲ್ಲ. ಹಕ್ಕಿ ಗಿಕ್ಕಿ ಏನೂ ಇರ್ಲಿಲ್ಲ.

ನಾನು ಕೊಂಬೆ ಸಾಲು ಹಿಡ್ಕೊಂಡೇ ಸುತ್ತಿ ದಡಕ್ಕೆ ಬಂದಿದ್ದೆ. ಬೆಲ್ಟು ಬಿಚ್ಚಿದ್ದೆ. ಅವಳು ಮೂಸ್ತಾ ಮೂಸ್ತಾ ಹಿಂದೆ ಉಳಿದಿದ್ಲು, ಆಚೆ ತಿರುವಿನ ಕೊಂಬೆ ಹತ್ರ. ನಮ್ಮಿಬ್ಬರ ಮಧ್ಯೆ ಸೇತುವೆ ಕೆಳಗಿನ ತೆಳು ಮಂಜುಗಡ್ಡೆ. ಅಲ್ಲಿ ನೀರು ಹರೀತಾನೇ ಇರುತ್ತೆ ಅಂತ ಗೊತ್ತಿತ್ತು. ಈ ಊರಲ್ಲಿ ಹುಟ್ಟಿದೋಳಿಗೆ ಗೊತ್ತಿರಲ್ವಾ? ಚಳಿಗೆ ಬೆರಳು ಮರಗಟ್ಟಿತ್ತು, ಅವಳು ಸುತ್ತಿ ಬರೋವರೆಗೆ ಕಾಯೋಕೆ ಮನಸ್ಸಾಗ್ಲಿಲ್ಲ. ನಾಯಿ ಹಗುರ, ನೇರ ಬಂದುಬಿಡ್ಲಿ ಅಂದ್ಕೊಂಡೆ. ಸಾಸೇಜ್ ತೋರಿಸಿ ಕರೆದೆ. ನಿಂತ್ಲು. ಕೊಂಬೆ ನೋಡಿದ್ಲು, ನನ್ನ ನೋಡಿದ್ಲು. ಇನ್ನೊಂದ್ಸಲ ಕರೆದೆ.

ಬಂದ್ಲು ಸಿರ್ಕಾ ಅವ್ರೇ. ಅಷ್ಟು ದಿನದಲ್ಲಿ ಮೊದಲ್ನೇ ಸಲ, ನಾನು ಕರೆದಾಗ ಬಂದ್ಲು.