ಇನ್ನೊಂದು ಮೆಟ್ಟಿಲು ಇಳಿಸಮ್ಮ

ಇದು ನಮ್ಮ ಅತ್ತಿಗೆಗೆ ಆದದ್ದು. ಯಾರೋ ಹೇಳಿದ್ದನ್ನ ಕೇಳಿಕೊಂಡು ಬಂದು ಹೇಳ್ತಿಲ್ಲ. ಆ ರಾತ್ರಿ ಅವರಿಗೆ ಬಾಗಿಲು ತೆಗೆದವನೇ ನಾನು... ಅವರ ಮುಖ ನೋಡಿದವನೂ ನಾನೇ.

ಅತ್ತಿಗೆ ಗಿಟಾರ್ ನುಡಿಸ್ತಾರೆ. ದೊಡ್ಡ ಹೋಟೆಲಿನ ಮೇಲಿನ ಮಹಡಿಯಲ್ಲಿ ಜನ ಊಟ ಮಾಡ್ತಾ ಕೂತಿರ್ತಾರಲ್ಲ, ಅಲ್ಲಿ. ರಾತ್ರಿ ಎಂಟರಿಂದ ಹನ್ನೊಂದು. ಮುಗಿಸಿ, ಗಿಟಾರ್ ಚೀಲ ಬೆನ್ನಿಗೆ ಹಾಕ್ಕೊಂಡು ನಡೆದೇ ಮನೆಗೆ ಬರೋರು. ಹೋಟೆಲ್ ಹಿಂದಿನ ಓಣಿಯಲ್ಲಿ ಒಂದು ಹಳೇ ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಐದು ವರ್ಷದಿಂದ ಅದೇ ದಾರಿ. ಹೆದರಿಕೆ ಅನ್ನೋದು ಅವರ ಹತ್ತಿರ ಸುಳಿದದ್ದಿಲ್ಲ.

ಆವತ್ತು ಬಾವಿ ದಾಟುವಾಗ ಬೆನ್ನ ಮೇಲೆ ಸದ್ದಾಯ್ತು.

ಗೂಂಂ...

ನಿಂತರು. ನಿಮಗೆ ಗೊತ್ತಿರಲಿ, ವೈರು ಸಿಗಿಸದ ಎಲೆಕ್ಟ್ರಿಕ್ ಗಿಟಾರಿಗೆ ದನಿಯೇ ಇರೋಲ್ಲ. ತಂತಿಗೆ ಏನಾದ್ರೂ ತಗುಲಿದ್ರೆ ಟಿಣ್ ಅಂತ, ಸೊಳ್ಳೆ ಕೂಗಿದ ಹಾಗೆ, ಅಷ್ಟೇ. ಇದು ಹಾಗಿರಲಿಲ್ಲ. ಸ್ಪೀಕರಿಂದ ಬರೋ ಹಾಗೆ ದಪ್ಪಗಿತ್ತು. ಬೆನ್ನುಮೂಳೆ ನಡುಗೋ ಅಷ್ಟು. ಅತ್ತಿಗೆ ಕಿವಿ ಪಳಗಿದ ಕಿವಿ. ತಂತಿ ಇರಬೇಕಾದ ಶ್ರುತಿಗಿಂತ ಅದು ಸರಿಯಾಗಿ ನಾಲ್ಕು ಮೆಟ್ಟಿಲು ಕೆಳಗಿತ್ತು.

ಆಮೇಲೆ ಕಿವಿ ಹಿಂದೆ ಪಿಸುಮಾತು... "ಇನ್ನೊಂದು ಮೆಟ್ಟಿಲು ಇಳಿಸಮ್ಮ."

ಆ ಮಾತು ಯಾರದ್ದು ಅಂತ ಅತ್ತಿಗೆಗೆ ತಿರುಗಿ ನೋಡದೇ ಗೊತ್ತಾಯ್ತು. ಆ ಮನುಷ್ಯ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

ಅವರನ್ನ ಎಲ್ಲರೂ ಮೇಷ್ಟ್ರು ಅಂತಲೇ ಕರೀತಿದ್ರು. ಹಿಂದೆ ಶಾಲೆಯಲ್ಲಿ ಸಂಗೀತ ಹೇಳಿಕೊಡ್ತಿದ್ದರಂತೆ. ನನಗಿಂತ ಒಂದು ಗೇಣು ಎತ್ತರದ ಆಳು, ಆ ಹೋಟೆಲಲ್ಲಿ ಇಪ್ಪತ್ತು ವರ್ಷ ಹಾಡಿದವರು. ಅವರು ಮೇಲಿನ ಸ್ವರ ಹಿಡಿದು ನಿಂತರೆ ಊಟಕ್ಕೆ ಬಂದವರು ಚಮಚ ಕೆಳಗಿಡ್ತಿದ್ರು. ಕೊನೆಕೊನೆಗೆ ಅತ್ತಿಗೆ, ಅವರು, ಇಬ್ಬರೇ. ಒಂದು ಗಿಟಾರ್, ಒಂದು ಗಂಟಲು.

ವಯಸ್ಸು ಯಾರ ಮಾತು ಕೇಳುತ್ತೆ? ಗಂಟಲು ಕೈಕೊಡೋಕೆ ಶುರುವಾಯ್ತು. ಒಂದು ಸಂಜೆ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ ಮೇಷ್ಟ್ರು ಮೆಲ್ಲಗೆ ಕೇಳಿದ್ರು.

"ಒಂದು ಮೆಟ್ಟಿಲು ಇಳಿಸ್ತೀಯೇನಮ್ಮ? ಯಾರಿಗೂ ತಿಳೀಬಾರದು."

"ತಂತಿ ಸಡಿಲ ಮಾಡಿದ್ರೆ ಝರ್ ಅನ್ನುತ್ತೆ ಮೇಷ್ಟ್ರೇ. ಬೇರೆ ದಾರಿ ನೋಡ್ತೀನಿ."

ಆ ದಾರಿ ಅಂದ್ರೆ ಒಂದು ಪೆಡಲ್. ಅಂಗೈ ಅಗಲದ ಡಬ್ಬಿ. ಗಿಟಾರಿನ ವೈರು ಅದರೊಳಗೆ ಹೋಗಿ ಆಮೇಲೆ ಸ್ಪೀಕರಿಗೆ ಹೋಗುತ್ತೆ. ಗುಂಡಿ ತಿರುಗಿಸಿ ಎಷ್ಟು ಮೆಟ್ಟಿಲು ಅಂತ ಇಟ್ಟು, ಕಾಲಲ್ಲಿ ಒತ್ತಿದ್ರೆ ಸಾಕು. ತಂತಿ ಮುಟ್ಟೋದೇ ಬೇಡ, ಆರು ತಂತಿಯ ಶ್ರುತಿಯನ್ನೂ ಯಂತ್ರವೇ ಇಳಿಸಿ ಕೊಡುತ್ತೆ. ಬೆರಳು ಅದೇ ಜಾಗದಲ್ಲಿ ಓಡಾಡುತ್ತೆ. ನೋಡೋರಿಗೆ ಏನೂ ಬದಲಾಗಿಲ್ಲ. ಹತ್ತಿರ ನಿಂತವರಿಗೆ ಮಾತ್ರ ತಂತಿಯ ನಿಜವಾದ ಸದ್ದು ಸಣ್ಣಗೆ ಕೇಳುತ್ತೆ, ಸ್ಪೀಕರಿನ ಸದ್ದಿನ ಮೇಲೆ ಇನ್ನೊಂದು. ಅಷ್ಟು ಹತ್ತಿರ ನಿಲ್ಲೋರು ಮೇಷ್ಟ್ರೊಬ್ಬರೇ. "ನಂಗೆ ಎರಡೂ ಕೇಳುತ್ತಮ್ಮ" ಅಂದಿದ್ರಂತೆ ಒಂದು ಸಲ.

ವರ್ಷಕ್ಕೊಂದರ ಹಾಗೆ ನಾಲ್ಕು ಮೆಟ್ಟಿಲು ಇಳಿಯಿತು. ಪ್ರತಿ ಸಲ ಅದೇ ಲಿಫ್ಟು, ಅದೇ ಮಾತು... ಇನ್ನೊಂದು ಮೆಟ್ಟಿಲು ಇಳಿಸಮ್ಮ. ಜನ ಚಪ್ಪಾಳೆ ತಟ್ಟುತ್ತಲೇ ಇದ್ರು. ಆಮೇಲೆ ಮೇಷ್ಟ್ರಿಗೆ ಜ್ವರ ಬಂತು. ಒಂದು ವಾರ ಆಸ್ಪತ್ರೆ. ಅಷ್ಟೇ.

ಅವರ ಜಾಗಕ್ಕೆ ಒಬ್ಬ ಹುಡುಗಿ ಬಂದಳು. ಒಳ್ಳೇ ಹುಡುಗಿ, ಚುರುಕು, ಆದ್ರೆ ಬಾಯಿಗೆ ಬೀಗ ಇಲ್ಲ. ಅವಳಿಗೆ ಶ್ರುತಿ ಇಳಿಸೋ ಅಗತ್ಯ ಇರಲಿಲ್ಲ. ಕಾಲಡಿ ಪೆಡಲ್ ನೋಡಿ, "ಇದು ಯಾಕಕ್ಕಾ?" ಅಂತ ಕೇಳಿದಳು. ಅತ್ತಿಗೆ... ಮಾತಿಗೆ ಮಾತು ಬಂದು, ನಗ್ತಾ ನಗ್ತಾ, ಎಲ್ಲಾ ಹೇಳಿಬಿಟ್ಟರು.

ಅರ್ಧ ಗಂಟೆಯಲ್ಲಿ ಅದು ಅಡುಗೆಮನೆ ಮುಟ್ಟಿತು. ಬಡಿಸೋರು ತಟ್ಟೆ ಹಿಡ್ಕೊಂಡು, ಗಂಟಲು ಸರಿ ಮಾಡ್ಕೊಂಡು, ಮೇಷ್ಟ್ರ ಹಾಗೆ ನಿಂತು ಅಣಕ ಮಾಡಿದ್ರು. ಮ್ಯಾನೇಜರಂತೂ ಹೊಟ್ಟೆ ಹಿಡ್ಕೊಂಡು ನಕ್ಕ. ಅತ್ತಿಗೆಯೂ ನಕ್ಕರಂತೆ. ಅದನ್ನ ಹೇಳುವಾಗ ಈಗಲೂ ತಲೆ ತಗ್ಗಿಸ್ತಾರೆ.

ಬಾವಿ ಹತ್ತಿರ ಸದ್ದು ಕೇಳಿದ್ದು ಅದೇ ರಾತ್ರಿ.

ನಾನು ಬಾಗಿಲು ತೆಗೆದಾಗ ಮುಖದಲ್ಲಿ ರಕ್ತ ಇರಲಿಲ್ಲ. ಬೆನ್ನ ಮೇಲೆ ಗಿಟಾರ್ ಇರಲಿಲ್ಲ, ಚೀಲದಿಂದ ತೆಗೆದು ಎದೆಗೆ ಅವುಚಿಕೊಂಡಿದ್ರು, ತಂತಿಗಳ ಮೇಲೆ ಎರಡೂ ಕೈ ಒತ್ತಿಕೊಂಡು. "ಏನಾಯ್ತು ಅತ್ತಿಗೆ?" ಅಂದೆ. "ಇದನ್ನ ಹಿಡ್ಕೊ. ತಂತಿ ಅಲ್ಲಾಡಕ್ಕೆ ಬಿಡಬೇಡ" ಅಂದ್ರು. ಹಿಡ್ಕೊಂಡೆ. ನನ್ನ ಕೈಗೆ ಏನೂ ಗೊತ್ತಾಗಲಿಲ್ಲ... ಸುಳ್ಳು ಹೇಳೋದಿಲ್ಲ. ಬರೀ ತಣ್ಣಗಿತ್ತು.

ಮಾರನೇ ದಿನ ಕೆಲಸಕ್ಕೆ ಹೋಗಬೇಡಿ ಅಂದ್ವಿ. ಕೇಳಲಿಲ್ಲ.

ಅವತ್ತು ಪೆಡಲ್ ಗುಂಡಿಯನ್ನ ಸೊನ್ನೆಗೆ ತಿರುಗಿಸಿ ಇಟ್ಟಿದ್ರು. ಮೂರನೇ ಹಾಡು. ಹುಡುಗಿ ಮೇಲಿನ ಸ್ವರಕ್ಕೆ ಏರೋ ಹೊತ್ತಿಗೆ ಕಾಲಡಿ ಟಕ್ ಅಂತ ಸದ್ದು. ಪೆಡಲಿನ ಕೆಂಪು ದೀಪ ಹತ್ತಿತು. ಅತ್ತಿಗೆ ಕಾಲು ಅದರ ಹತ್ತಿರವೂ ಇರಲಿಲ್ಲ. ಗಿಟಾರಿನ ಸದ್ದು ಜಾರಿತು... ಒಂದು ಮೆಟ್ಟಿಲು. ಹುಡುಗಿಯ ದನಿಯೂ ಅದರ ಹಿಂದೆಯೇ ಜಾರಿತು. ಎರಡು. ಮೂರು. ಅವಳ ಕಣ್ಣು ಗೋಡೆ ಮೇಲೆ ನೆಟ್ಟಿತ್ತು. ನಾಲ್ಕು. ಅತ್ತಿಗೆ ಬೆರಳು ನಿಲ್ಲಿಸಿದ್ರು. ಸ್ಪೀಕರ್ ನಿಲ್ಲಲಿಲ್ಲ. ಐದು. ಈಗ ಹುಡುಗಿ ಬಾಯಿಂದ ಬರ್ತಿದ್ದದ್ದು ಗಂಡಸಿನ ದನಿ. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು, ಕೆನ್ನೆ ಮೇಲೆ ನೀರು ಇಳೀತಿತ್ತು, ಹಾಡು ಮಾತ್ರ ನಿಲ್ಲಲಿಲ್ಲ.

ಊಟಕ್ಕೆ ಕೂತವರು ಚಪ್ಪಾಳೆ ತಟ್ಟಿದ್ರು. ಅವರಿಗೆ ಅದು ಏನೋ ಚಮತ್ಕಾರ.

ಅತ್ತಿಗೆ ಪೆಡಲಿನ ಕರೆಂಟ್ ಕಿತ್ತರು. ದೀಪ ಆರಲಿಲ್ಲ. ಕೊನೆಗೆ ಗಿಟಾರಿಂದಲೇ ವೈರು ಎಳೆದ್ರು... ಪಟ್ ಅಂತ ನಿಂತಿತು. ಹುಡುಗಿ ಇದ್ದ ಜಾಗದಲ್ಲೇ ಕುಸಿದು ಕೂತಳು. ಮಾತಾಡೋಕೆ ಹೋದಳು, ಉಸಿರು ಬಿಟ್ಟು ಬೇರೇನೂ ಬರಲಿಲ್ಲ. ಡಾಕ್ಟರು ನೋಡಿ ಗಂಟಲಲ್ಲಿ ಏನೂ ಇಲ್ಲ, ಸರಿಯಾಗೇ ಇದೆ ಅಂದ್ರು. ಸರಿಯಾಗೇ ಇದ್ರೆ ಮಾತು ಎಲ್ಲಿ ಹೋಯ್ತು? ಅವಳ ಅಮ್ಮ ಆಸ್ಪತ್ರೆ ಬೆಂಚಿನ ಮೇಲೆ ಕೂತು ಅತ್ತಿಗೆಯನ್ನೇ ಕೇಳ್ತಿದ್ರು, "ನಿನ್ನ ಪಕ್ಕದಲ್ಲೇ ಇದ್ದಳಲ್ಲಮ್ಮ... ಏನಾಯ್ತು ಅವಳಿಗೆ?"

ಮಾರನೇ ದಿನ ಆಸ್ಪತ್ರೆಯಿಂದ ಅತ್ತಿಗೆ ನೇರ ಮೇಷ್ಟ್ರ ಮನೆಗೆ ಹೋದರು. ನಾನೂ ಜೊತೆಗೆ ಹೋದೆ. ಮಟಮಟ ಮಧ್ಯಾಹ್ನ. ಮೇಷ್ಟ್ರ ಹೆಂಡತಿ ಒಬ್ಬರೇ ಇದ್ರು. ತಪ್ಪಾಯ್ತು ಅಂತ ಕಾಲಿಗೆ ಬೀಳೋದು ಅತ್ತಿಗೆ ಯೋಚನೆ. ಬಾಯಿ ತೆಗೆಯೋದರೊಳಗೆ ಆಯಮ್ಮನೇ ಮಾತು ಶುರು ಮಾಡಿದ್ರು.

"ಕೊನೇ ಐದು ವರ್ಷ ಮನೇಲಿ ಒಂದು ಸಾಲೂ ಗುನುಗಲಿಲ್ಲ ಕಣಮ್ಮ. ಕೇಳಿದ್ರೆ, ಎಲ್ಲಾ ಅಲ್ಲೇ ಹಾಡಿ ಮುಗಿಸಿ ಬರ್ತೀನಿ, ದನಿ ಇನ್ನೂ ಹಾಗೇ ಇದೆ ಅನ್ನೋರು. ನೀನು ಪಕ್ಕದಲ್ಲೇ ಇದ್ದೆ. ಹೇಳು... ಹಾಗೇ ಇತ್ತಾ?"

ಆಗ ಒಳಕೋಣೆಯಿಂದ ಸದ್ದು ಬಂತು. ಹಾಡೋರು ಹಾಡೋ ಮುಂಚೆ ಗಂಟಲು ಸರಿ ಮಾಡ್ಕೋತಾರಲ್ಲ... ಹ್ಹಂ... ಹಾಗೆ. ಒಂದೇ ಸಲ. ಇದನ್ನ ನಾನೂ ಕೇಳಿದೆ.

ಆಯಮ್ಮ ತಿರುಗಿಯೂ ನೋಡಲಿಲ್ಲ. "ಪಕ್ಕದ ಮನೆಯವರು" ಅಂದ್ರು.

ಅತ್ತಿಗೆ ಆ ಬಾಗಿಲನ್ನೇ ನೋಡ್ತಾ ಹೇಳಿದ್ರು, "ಕೊನೇ ದಿನದವರೆಗೂ ಹಾಗೇ ಇತ್ತಮ್ಮ. ಒಂದು ಕೂದಲೆಳೆಯೂ ಇಳಿದಿರಲಿಲ್ಲ."

ಆಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡ್ರು. ಒಳಗಿಂದ ಮತ್ತೆ ಸದ್ದು ಬರಲಿಲ್ಲ.

ದಾರಿಯಲ್ಲಿ ಅತ್ತಿಗೆ, "ಆಯಮ್ಮನಿಗೆ ಹೇಳಿದ್ರೆ ಸಾಲದು" ಅಂದ್ರು. ಸಂಜೆ ಹೋಟೆಲ್ ಅಡುಗೆಮನೆಗೆ ಹೋಗಿ, ಮ್ಯಾನೇಜರನ್ನೂ ಕರೆಸಿ, ಎಲ್ಲರ ಮುಂದೆ ನಿಂತರು.

"ಮೊನ್ನೆ ನಾನು ಹೇಳಿದ್ದು ಸುಳ್ಳು. ಮೇಲಿನ ಶ್ರುತಿಗೆ ತಂತಿ ಒತ್ತೋ ಕಷ್ಟದ ಹಿಡಿತ ನನ್ನ ಬೆರಳಿಗೆ ಬರ್ತಿರಲಿಲ್ಲ. ಸುಲಭ ಆಗಲಿ ಅಂತ ಪೆಡಲ್ ಇಟ್ಕೊಂಡಿದ್ದು ನಾನು. ಪಾಪ ಮೇಷ್ಟ್ರು ನನಗೋಸ್ಕರ ಕೆಳಗೆ ಇಳಿದು ಹಾಡಿದ್ರು."

"ಅಂದ್ರೆ ಬರ್ತಾ ಇರಲಿಲ್ಲ ನಿಮಗೆ?" ಅಂದ ಮ್ಯಾನೇಜರ್.

"ಬರ್ತಾ ಇರಲಿಲ್ಲ."

ಹನ್ನೆರಡು ವರ್ಷ ಅಭ್ಯಾಸ ಮಾಡಿದ ಕೈ ಅದು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅತ್ತಿಗೆ ಅಲ್ಲಾಡಲಿಲ್ಲ. ಇವತ್ತಿಗೂ ಅಲ್ಲಿ ಕೆಲವರು "ಬೆರಳು ಹೇಗಿದೆ ಅಕ್ಕಾ?" ಅಂತ ಕೆಣಕ್ತಾರೆ. ಇವರು ಚೆನ್ನಾಗಿದೆ ಅಂತ ಹೇಳಿ ಮುಂದೆ ಹೋಗ್ತಾರೆ.

ಅದೇ ರಾತ್ರಿ ಹತ್ತೂವರೆಗೆ ಹುಡುಗಿಯ ಅಮ್ಮನ ಫೋನ್ ಬಂತು. ಮಗಳು ಎದ್ದು ನೀರು ಕೇಳಿದಳಂತೆ, ತನ್ನದೇ ದನಿಯಲ್ಲಿ. ಮೂರನೇ ಹಾಡಲ್ಲಿ ಆದದ್ದು ಅವಳಿಗೆ ನೆನಪೇ ಇಲ್ಲ. ವಾರ ಬಿಟ್ಟು ಕೆಲಸಕ್ಕೆ ಬಂದಳು. ಈಗಲೂ ಹಾಡ್ತಾಳೆ. ಪೆಡಲನ್ನ ಅತ್ತಿಗೆ ಮತ್ತೆ ಸಿಗಿಸಲಿಲ್ಲ. ಬಾವಿ ದಾರಿಯಲ್ಲೂ ಸದ್ದಿಲ್ಲ.

ಇಷ್ಟಕ್ಕೇ ಮುಗಿದಿದ್ರೆ ನಾನೂ ಮರೀತಿದ್ದೆನೋ ಏನೋ. ನೀವು ನಂಬಿ, ಬಿಡಿ... ಬೇಕಾದ್ರೆ ನಾಳೆ ಕರ್ಕೊಂಡು ಹೋಗಿ ತೋರಿಸ್ತೀನಿ. ಹುಡುಗಿ ಕುಳ್ಳಿ, ನನ್ನ ಭುಜಕ್ಕೆ ಬರ್ತಾಳೆ. ದಿನಾ ರಾತ್ರಿ ಅವಳ ಎತ್ತರಕ್ಕೆ ಇಳಿಸಿದ್ದ ಮೈಕ್ ಸ್ಟ್ಯಾಂಡ್ ಮಾರನೇ ಸಂಜೆ ಮೇಲಿರುತ್ತೆ ಅಂದ್ರು ಅತ್ತಿಗೆ. ಒಂದು ರಾತ್ರಿ ನಾನೇ ಹೋದೆ. ಸ್ಟ್ಯಾಂಡನ್ನ ಇಳಿಸಿ, ತಿರುಪನ್ನ ಇಕ್ಕಳದಲ್ಲಿ ಬಿಗಿ ಮಾಡಿದೆ. ಊಟದ ಹಾಲ್‌ಗೆ ಬೀಗ ಹಾಕಿಸಿ, ಬೀಗದ ಕೈ ಜೇಬಿಗೆ ಹಾಕ್ಕೊಂಡು ಮನೆಗೆ ಬಂದೆ. ಮಾರನೇ ಸಂಜೆ ಬೀಗ ತೆಗೆದವನೂ ನಾನೇ.

ಮೈಕ್ ನನ್ನ ಹಣೆ ಎತ್ತರಕ್ಕಿತ್ತು. ತಿರುಪು ಮುಟ್ಟಿ ನೋಡಿದೆ. ಬಿಗಿಯಾಗೇ ಇತ್ತು.