ಮೂರನೆಯ ಮಹಡಿಯ ಮೂಳೆಗಳು

ಆಸ್ಪತ್ರೆಯ ಔಷಧಿ ಕಿಟಕಿಯೆದುರು ಸಾಲಿನಲ್ಲಿದ್ದ ದರ್ಜಿಯ ಕಿವಿ, ಮುಂದೆ ನಿಂತಿದ್ದ ಅತ್ತೆ-ಸೊಸೆಯರ ಮಾತಿಗೆ ನಿಮಿರಿತು. ಅತ್ತೆ ಊರುಗೋಲಿಗೆ ಒರಗಿದ್ದಳು.

“ಇಲ್ಲಿ ಮೇಲೆ ನಡೀತಿದ್ದ ಮೂಳೆ ಸಮೀಕ್ಷೆ ಮುಗೀತಂತೆ, ಅತ್ತೆ. ನಮ್ಮೂರ ಹೆಂಗಸರ ಮೂಳೆ ಗಟ್ಟಿಯಂತೆ. ತಪಾಸಣೆ ಯಂತ್ರ ಇವತ್ತೇ ಬೇರೆ ಊರಿಗೆ ಹೊರಟಿದೆ.”

“ನನ್ನ ಸೊಂಟ ಮುರಿದದ್ದು ಲೆಕ್ಕಕ್ಕಿಲ್ವಾ?”

“ನೀವು ಸಮೀಕ್ಷೆಗೆ ಬರಲೇ ಇಲ್ಲವಂತೆ.”

“ಲಿಫ್ಟಿಲ್ಲದ ಮೂರನೇ ಮಹಡಿಗೆ ಹಾರಿ ಬರಲಾ? ಹತ್ತಿ ಬಂದವರನ್ನೇ ಅಳೆದರೆ ಊರೆಲ್ಲ ಗಟ್ಟಿಯಾಗೇ ಕಾಣುತ್ತೆ.”

“ಯಂತ್ರ ಭಾರ, ಕೆಳಗಿಳಿಸೋಕೆ ಆಗಲ್ಲ ಅಂದಿದ್ದರು.”

“ಈಗ ಹೇಗೆ ಇಳಿಸ್ತಾರಂತೆ?”

ಅತ್ತೆ ಊರುಗೋಲನ್ನು ಮೆಟ್ಟಿಲ ಕಡೆಗೆ ತಿರುಗಿಸಿದಳು.

“ನಡಿಯೇ, ಮೆಟ್ಟಿಲ ಬುಡದಲ್ಲಿ ಕೂರ್ತೀನಿ. ನನ್ನನ್ನ ಅಳೆದೇ ಮುಂದೆ ಹೋಗಲಿ.”

ಇಬ್ಬರೂ ಸಾಲು ಬಿಟ್ಟು ಹೊರಟರು. ಮೇಲಿನಿಂದ ಭಾರವಾದದ್ದೇನನ್ನೋ ಎಳೆಯುವ ಸದ್ದು ಆಗಲೇ ಕೇಳುತ್ತಿತ್ತು.