ಬದುಕಿರೋರ ಚೀಟಿ

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ನನ್ನ ಚಿಕ್ಕಪ್ಪನ ಮಗ ಗುರುರಾಜನಿಗೆ ಆದದ್ದು. ಅವನು ಸುಳ್ಳು ಹೇಳೋ ಪೈಕಿ ಅಲ್ಲ... ಹೇಳೋಕೆ ಬರೋದೂ ಇಲ್ಲ, ಪಾಪ.

ಎಪ್ಪತ್ತೆರಡನೇ ಇಸವಿ, ಫೆಬ್ರವರಿ. ನ್ಯೂಜೆರ್ಸಿಲಿ ಓದ್ತಿದ್ದ. ಪ್ರೊಫೆಸರ್ ಒಬ್ಬರು ಟೇಪ್ ರೆಕಾರ್ಡರ್ ಕೊಟ್ಟು, ಪೂರ್ವ ಯುರೋಪಿಂದ ಬಂದು ನೆಲೆಸಿದೋರ ಆರ್ಥೊಡಾಕ್ಸ್ ಚರ್ಚಿನ ಮುದುಕಿಯರು ಎರಡನೇ ಮಹಾಯುದ್ಧದ ಕಾಲ ಹೇಗೆ ಕಳೆದ್ರು ಅಂತ ಕೇಳ್ಕೊಂಡು ಬಾ ಅಂದಿದ್ರು. ಎಲ್ಲರದೂ ಒಂದೇ ಮಾತು. ಸಿಪಾಯಿಗಳಿಗೆ ಕಾಲುಚೀಲ ಹೆಣೆದ್ವಿ, ಸಕ್ಕರೆ ರೇಷನ್ನು... ಪರಾಸ್ಕಾ ಅಜ್ಜಿ ಮಾತ್ರ ಬೇರೆ ಹೇಳಿದ್ಲು.

ಆ ಚರ್ಚಲ್ಲಿ ಭಾನುವಾರ ಎರಡು ಥರ ಚೀಟಿ ಕೊಡ್ತಾರೆ. ಬದುಕಿರೋರ ಹೆಸರು ಒಂದರಲ್ಲಿ, ಸತ್ತೋರದು ಇನ್ನೊಂದರಲ್ಲಿ. ಪಾದ್ರಿ ಗಟ್ಟಿಯಾಗಿ ಓದಿ ಪ್ರಾರ್ಥನೆ ಮಾಡ್ತಾರೆ. ನಲವತ್ಮೂರರಲ್ಲಿ ಅಜ್ಜಿಗೂ ಪಕ್ಕದ ಮನೆ ಮಾತ್ರೋನಾಗೂ ಬೇಲಿ ಜಗಳ. ಮಾತ್ರೋನಾಳ ಮಗ ವಸಿಲ್ ಯುದ್ಧದಲ್ಲಿದ್ದ. ಆ ಸಿಟ್ಟಿಗೆ ಈಕೆ ಅವನ ಹೆಸರನ್ನ ಸತ್ತೋರ ಚೀಟೀಲಿ ಬರೆದುಬಿಟ್ಲು. ಆ ಹೆಸರಿನೋರು ಊರ ತುಂಬ, ಪಾದ್ರಿಗೆ ಅನುಮಾನ ಬರಲಿಲ್ಲ, ಓದಿದ್ರು.

ಹತ್ತನೇ ದಿನ ತಂತಿ ಬಂತು... ವಸಿಲ್ ಇಲ್ಲ.

ಮಾತ್ರೋನಾ ಆ ಚೀಟಿ ಕೇಳಿ ಇಸ್ಕೊಂಡ್ಲು. ಬರಹ ಯಾರದು ಅಂತ ನೋಡಿದ್ಲು. ಮಡಚಿ ಇಟ್ಕೊಂಡ್ಲು. ಹದಿನಾಲ್ಕು ವರ್ಷದ ಮೇಲೆ ಸತ್ತಾಗ ಆ ಚೀಟೀನ ಅವಳ ಕೈಲಿಟ್ಟೇ ಹೂತರಂತೆ.

"ನೀನು ನಮ್ಮೋನಲ್ಲ ಮಗಾ, ಅದಕ್ಕೇ ಹೇಳ್ದೆ," ಅಂದ್ಲು ಅಜ್ಜಿ. "ಸೋಮವಾರ ನಂಗೆ ಆಪರೇಷನ್. ಕೈ ನಡುಗುತ್ತೆ. ಬದುಕಿರೋರ ಚೀಟೀಲಿ ನನ್ನ ಹೆಸರು ಬರೆದು ಪಾದ್ರಿಗೆ ಕೊಡು. ಇನ್ನೊಂದಕ್ಕೆ ಮಾತ್ರ ಸೇರಬಾರದು."

ಬರೆದ. ನೀಲಿ ಬಾಲ್‌ಪೆನ್ನಲ್ಲಿ.

ಶನಿವಾರ ಕತ್ತಲಾಗೋ ಹೊತ್ತಿಗೆ ಚರ್ಚಿನ ಸ್ಮಶಾನದ ಪಕ್ಕ ನಡ್ಕೊಂಡು ಬರ್ತಿದ್ದ. ಹಿಮದ ಮೇಲೆ ಬೂಟು... ಕರಕ್... ಕರಕ್. ಹಿಂದಿನಿಂದ ಇನ್ನೊಂದು ಸದ್ದು. ಪರ್... ಪರ್... ಕಾಗದ ಮಡಚಿ ಬಿಚ್ಚೋ ಸದ್ದು. ನಿಂತ. ಅದೂ ನಿಲ್ತು.

ಗೇಟಿನ ಹತ್ರ ತಲೆಗೆ ವಸ್ತ್ರ ಕಟ್ಟಿದ ಹೆಂಗಸು.

"ಹೇಳಿದ್ಲಾ?" ಪಿಸುಗುಟ್ಟಿದ್ಲು.

"ಹೂಂ... ಹೇಳಿದ್ರು."

"ಚೀಟಿ ಕೊಡು. ಪಾದ್ರಿಗೆ ನಾನು ಮುಟ್ಟಿಸ್ತೀನಿ."

ಮೈಸೂರಿನ ಹುಡುಗ. ದೊಡ್ಡೋರು ಕೈ ಚಾಚಿದ್ರೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಕೊಟ್ಟ. ಬೆರಳು ಕಲ್ಲಿನ ಥರ ತಣ್ಣಗಿತ್ತು... ಗ್ಲೌಸ್ ಹಾಕಿಲ್ಲ, ಅದಕ್ಕೇ ಅಂದ್ಕೊಂಡನಂತೆ, ಮುಠ್ಠಾಳ.

ಭಾನುವಾರ ಇವನೂ ಚರ್ಚಿಗೆ ಹೋದ. ಅಜ್ಜಿ ಮುಂದಿನ ಬೆಂಚಲ್ಲಿ. ಪಾದ್ರಿ ಬದುಕಿರೋರ ಹೆಸರೆಲ್ಲ ಓದಿ ಮುಗಿಸಿದ್ರು. ಪರಾಸ್ಕಾ ಬರಲಿಲ್ಲ. ಅಜ್ಜಿ ತಿರುಗಿ ಇವನ ಮುಖ ನೋಡಿದ್ಲು.

ಆಮೇಲೆ ಸತ್ತೋರದು.

"ವಸಿಲ್..." ಅಂದ್ರು ಪಾದ್ರಿ. "ಪರಾಸ್ಕಾ."

ಟಕ್... ಊರುಗೋಲು ನೆಲಕ್ಕೆ ಬಿತ್ತು. ಅಜ್ಜಿ ಮತ್ತೆ ಏಳಲಿಲ್ಲ. ಮಾಡಿದ್ದುಣ್ಣೋ ಮಹರಾಯ. ನಾನಂತೂ ಮಾತ್ರೋನಾದು ತಪ್ಪು ಅನ್ನಲ್ಲ. ಹೆತ್ತವಳು ಅವಳು.

ಗುರುರಾಜ ಪಾದ್ರಿ ಹತ್ರ ಆ ಚೀಟಿ ಬೇಡಿ ತಂದ. ನಾನೇ ಕೈಲಿ ಹಿಡಿದು ನೋಡಿದೀನಿ. ಹಳದಿಯಾದ ಕಾಗದ, ಮಡಿಕೆಯಲ್ಲಿ ಮಣ್ಣು. ಮೇಲೆ ಮಾಸಿದ ಪೆನ್ಸಿಲ್ಲಲ್ಲಿ ವಸಿಲ್. ಅದರ ಕೆಳಗೆ ನೀಲಿ ಬಾಲ್‌ಪೆನ್ನಲ್ಲಿ ಪರಾಸ್ಕಾ.

ಗುರುರಾಜನ ಅಕ್ಷರ. ನಂಗೆ ಗೊತ್ತಾಗಲ್ವಾ? ಚಿಕ್ಕೋನಿದ್ದಾಗ ಅವನ ಕೈ ಹಿಡಿದು ತಿದ್ದಿಸಿದವಳೇ ನಾನು.